ಅದು ಸಿಟ್ಟಿನ ನೋಟ ಅಲ್ಲ

ಮಾನ್ಯ ಸಂಪಾದಕರೇ,

ಥೈರಾಯ್ಡ್ ಅಂದ್ರೆ ದಪ್ಪ ಆಗೋದು, ಸಣ್ಣ ಆಗೋದು ಇಷ್ಟೇ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಕಣ್ಣಿಗೂ ಬರುತ್ತದೆ. ನಮ್ಮ ಅಕ್ಕನಿಗೆ ಬಂದಿದೆ. ದೇಹ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕಣ್ಣಿನ ಹಿಂದಿನ ಸ್ನಾಯು, ಕೊಬ್ಬು ಊದಿಕೊಳ್ಳುತ್ತವೆ. ಸುತ್ತ ಎಲುಬಿನ ಗೂಡು, ಊದಿದ್ದಕ್ಕೆ ಜಾಗ ಇಲ್ಲ, ಗುಡ್ಡೆ ಮುಂದೆ ಬರುತ್ತದೆ. ಮೇಲಿನ ರೆಪ್ಪೆ ಮೇಲಕ್ಕೆ ಸರಿದು ಕರಿಗುಡ್ಡೆಗಿಂತ ಮೇಲಿನ ಬಿಳಿ ಭಾಗವೂ ಕಾಣುತ್ತದೆ.

ತೊಂದರೆ ಶುರುವಾಗೋದು ಅಲ್ಲೇ. ಸಿಟ್ಟು ಬಂದವರ, ಹೆದರಿದವರ ರೆಪ್ಪೆಯೂ ಹೀಗೇ ಮೇಲೇರುತ್ತದೆ ಅಲ್ವಾ? ಹಾಗಾಗಿ ನೋಡಿದವರು ಈಕೆಗೆ ಸಿಟ್ಟು ಬಂದಿದೆ ಅಂತ ತಟ್ಟನೆ ತೀರ್ಮಾನ ಮಾಡಿಬಿಡುತ್ತಾರೆ. ಅಕ್ಕ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. 'ಯಾಕ್ರೀ ಅಕ್ಕಾರ, ಹಂಗ್ಯಾಕ ದುರುಗುಟ್ಟಿ ನೋಡಾಕತ್ತೀರಿ?' ಅಂತ ಎದುರಿಗಿದ್ದವರು ಜಗಳಕ್ಕೇ ಬಂದದ್ದುಂಟು. ಎರಡೆರಡು ಕಾಣುತ್ತದೆ ಅಂತ ಒಂದು ಕಣ್ಣು ಮುಚ್ಚಿ ಬಸ್ಸಿನ ಬೋರ್ಡ್ ಓದಿದರೆ ಅದಕ್ಕೂ ಬೇರೆ ಅರ್ಥ ಹಚ್ಚುತ್ತಾರೆ.

ಪಕ್ಕದ ಮನೆಯ ತೊಟ್ಟಿಲ ಕಾರ್ಯಕ್ರಮದಲ್ಲಿ ನಡೆದದ್ದನ್ನು ಮಾತ್ರ ನನಗೆ ತಡೆದುಕೊಳ್ಳಲು ಆಗಲಿಲ್ಲ. ಅಕ್ಕ ಕುಲಾವಿ ಹಿಡಿದು ತೊಟ್ಟಿಲ ಹತ್ತಿರ ಬಗ್ಗಿದಳು, ಅಜ್ಜಿಯೊಬ್ಬರು ಸೆರಗು ಎಳೆದು ಮಗುವಿನ ಮುಖ ಮುಚ್ಚಿಬಿಟ್ಟರು. ದೃಷ್ಟಿ ತಾಗುತ್ತದಂತೆ. ಅಕ್ಕ ಕುಲಾವಿಯನ್ನು ಅಲ್ಲೇ ಇಟ್ಟು, ಊಟಕ್ಕೂ ನಿಲ್ಲದೆ ಬಂದಳು. ರಾತ್ರಿ ರೆಪ್ಪೆ ಪೂರ್ತಿ ಮುಚ್ಚೋದಿಲ್ಲ, ಕಣ್ಣು ಒಣಗಬಾರದು ಅಂತ ಮುಲಾಮು ಹಾಕಿಕೊಂಡು ಮಲಗುತ್ತಾಳೆ. ಆ ಕಣ್ಣು ಯಾರಿಗೆ ಏನು ಮಾಡೀತು ಹೇಳಿ?

ಇನ್ನು ಕೆಲವರು ಒಳ್ಳೆ ಮನಸ್ಸಿನವರೇ, ನೋಡಿದರೆ ಬೇಜಾರಾಗಬಹುದು ಅಂತ ಮುಖ ತಪ್ಪಿಸುತ್ತಾರೆ. ಅಂಗಡಿಯಲ್ಲಿ ಅಕ್ಕನನ್ನು ಬಿಟ್ಟು ನನ್ನ ಕಡೆ ತಿರುಗಿ 'ಇವರಿಗೆ ಏನ್ ಬೇಕ್ರೀ?' ಅಂತ ಕೇಳುತ್ತಾರೆ. ಅದೂ ಅಷ್ಟೇ ನೋಯಿಸುತ್ತದೆ. ದಯವಿಟ್ಟು ಅವಳನ್ನೇ ನೋಡಿ ಮಾತಾಡಿ. ಸಿಟ್ಟೋ ಖುಷಿಯೋ ಅನ್ನೋದು ಅವಳ ಮಾತಿನಲ್ಲಿ, ದನಿಯಲ್ಲಿ ಗೊತ್ತಾಗುತ್ತದೆ.

'ಆಪರೇಷನ್ ಯಾಕೆ ಮಾಡಿಸಿಲ್ಲ' ಅಂತ ಸುಮ್ನೆ ಕೇಳುವವರಿಗೂ ಒಂದು ಮಾತು. ಊತ ಏರಿಳಿಯುವ ಕಾಲ ಕೆಲವು ತಿಂಗಳಿಂದ ಎರಡು ವರ್ಷದವರೆಗೂ ಇರಬಹುದು. ಕಾಯಿಲೆ ಒಂದು ಹದಕ್ಕೆ ಬಂದ ಮೇಲೇ ಸಾಮಾನ್ಯವಾಗಿ ಕಣ್ಣು, ರೆಪ್ಪೆ ಸರಿಪಡಿಸುವ ಆಪರೇಷನ್. ಬೀಡಿ, ಸಿಗರೇಟು ಇದನ್ನು ಜಾಸ್ತಿ ಮಾಡುತ್ತವೆ. ಬಣ್ಣಗಳು ಮಂಕಾಗಿ ಕಂಡರೆ ಮಾತ್ರ ಕಾಯಬಾರದು, ಕಣ್ಣಿನ ನರ ಒತ್ತಿಹೋಗುತ್ತಿರಬಹುದು, ತಕ್ಷಣ ಡಾಕ್ಟರ್ ಹತ್ತಿರ ಓಡಬೇಕು.

ನಿಮ್ಮ ಆರೋಗ್ಯ ಪುಟದಲ್ಲಿ ಕಣ್ಣಿನ ಡಾಕ್ಟರೊಬ್ಬರಿಂದ ಈ ಬಗ್ಗೆ ಬರೆಸಿ, ಚಿತ್ರ ಸಮೇತ ಹಾಕಿ.

– ಓದುಗ, ಧಾರವಾಡ