ಟಿ.ಸಿ. ಅರ್ಜಿಯ ವಿಷಯ

ಬಣಕಲ್
ಆಗಸ್ಟ್ 4, 2024

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ವಾರ್ಡನ್ ಮೇಡಂ ಅವರ ಫೋನಿನಲ್ಲಿ ನೀನು ಹೇಳುವುದನ್ನೆಲ್ಲ ಹೇಳಿ ಇಟ್ಟುಬಿಟ್ಟೆ. ನನಗೆ ಉತ್ತರ ಕೊಡಲು ಆಗಲಿಲ್ಲ. ನಿನ್ನ ಹಿಂದೆ ಸಾಲಿನಲ್ಲಿ ನಿಂತ ಹುಡುಗಿಯರ ಸದ್ದು ಕೇಳುತ್ತಿತ್ತು, ಇತ್ತ ಅಮ್ಮ ಫೋನು ಕಿತ್ತುಕೊಳ್ಳಲು ಕೈ ಚಾಚಿದ್ದಳು. ಹಾಗಾಗಿ ಬರೆಯುತ್ತಿದ್ದೇನೆ. ಟಿ.ಸಿ.ಯ, ಅಂದರೆ ಶಾಲೆ ಬಿಡುವ ವರ್ಗಾವಣೆ ಪತ್ರದ, ಅರ್ಜಿಯೂ ನಿನ್ನೆಯೇ ಅಂಚೆಯಲ್ಲಿ ಬಂತು. ಎಲ್ಲ ನೀನೇ ತುಂಬಿದ್ದೀಯೆ. ಶಾಲೆ ಬಿಡಲು ಕಾರಣ ಎಂಬಲ್ಲಿ 'ಕೌಟುಂಬಿಕ' ಎಂದಿದೆ.

ವಯನಾಡಿನ ಸುದ್ದಿ ನಾವೂ ಓದಿದ್ದೇವೆ. ಮಂಗಳವಾರ ಬೆಳಗಿನ ಜಾವ ಗುಡ್ಡ ಇಳಿದದ್ದು, ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳು ಇದ್ದಲ್ಲಿ ಇಲ್ಲವಾದದ್ದು, ಇನ್ನೂರಕ್ಕೂ ಹೆಚ್ಚು ಜನ ಹೋದದ್ದು, ಇನ್ನೂ ಹುಡುಕುತ್ತಿರುವುದು. ಅದಕ್ಕೂ ಮುಂಚೆ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು. ಈ ಮಳೆಗಾಲದಲ್ಲಿ ಪತ್ರಿಕೆ ಬಿಡಿಸುವುದಕ್ಕೇ ಮನಸ್ಸಾಗುವುದಿಲ್ಲ. ನಿನಗೆ ಭಯವಾಗಿದೆ ಎಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ನೀನು ಆಡಿದ ಮಾತು ಬೇರೆ. "ನಾನು ಮನೆಗೆ ಬಂದು ಮೂಡಿಗೆರೆಯಲ್ಲೇ ಪಿಯುಸಿ ಓದುತ್ತೇನೆ, ಹೋದರೆ ಎಲ್ಲರೂ ಒಟ್ಟಿಗೆ ಹೋಗೋಣ" ಎಂದೆಯಲ್ಲ, ಅದನ್ನು ನಾನು ಅಮ್ಮನಿಗೆ ಹೇಳಿಲ್ಲ. ಅಜ್ಜಿಗಂತೂ ಹೇಳುವುದಿಲ್ಲ.

2019ರ ಆಗಸ್ಟ್ 9ರಂದು ನಮ್ಮೂರಿನ ಗುಡ್ಡ ಜಾರಿದ ಕತೆಯನ್ನು ಮತ್ತೆ ಬರೆಯುವುದಿಲ್ಲ. ಅಜ್ಜಿಯನ್ನು ಹೊತ್ತು ಇಳಿದದ್ದು, ಕೊಟ್ಟಿಗೆಯಲ್ಲಿ ಹಗ್ಗ ಕಡಿದದ್ದು, ನಂತರದ ಪರಿಹಾರ ಕೇಂದ್ರ ಎಲ್ಲವೂ ನಿನಗೆ ಬಾಯಿಪಾಠ. ನೀನು ಆರನೇ ತರಗತಿಗೆಂದು ಮನೆ ಬಿಟ್ಟು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ನೀನು ಹಾಸ್ಟೆಲಿನಲ್ಲಿ, ನಾವು ಶಾಲೆಯ ಕೊಠಡಿಯಲ್ಲಿ, ಮಗ್ಗಿ ಬರೆದ ಗೋಡೆಯ ಕೆಳಗೆ ಚಾಪೆ ಹಾಸಿಕೊಂಡು. ಆ ವರ್ಷ ನಮ್ಮ ಇಡೀ ಸಂಸಾರ ಶಾಲೆಗಳಲ್ಲೇ ಮಲಗಿತು ಎಂದು ನಿನ್ನ ಅಜ್ಜಿ ಈಗಲೂ ನಗುತ್ತಾಳೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಮರುವರ್ಷ ಕೊರೊನಾ ಬಂದು ನಿಮ್ಮನ್ನೆಲ್ಲ ಮನೆಗೆ ಕಳುಹಿಸಿದರಲ್ಲ, ಆಗ ನಿನ್ನ ಟ್ರಂಕಿನಲ್ಲಿ ಬೂಸಲು ಬಂದಿತ್ತು. ಪುಸ್ತಕಗಳನ್ನು ಬಿಸಿಲಿಗೆ ಹರವಿದವನು ನಾನು. ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನೀನು ಊರುಗಳ ಪಟ್ಟಿ ಬರೆದಿದ್ದೆ. ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ. ಅವುಗಳ ಕೆಳಗೆ ಒಂದು ಸಾಲು ಬಿಟ್ಟು ನಮ್ಮೂರಿನ ಹೆಸರು, ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಚೌಕ. ಚೌಕದ ಪಕ್ಕದಲ್ಲಿ ಏನೂ ಇರಲಿಲ್ಲ.

ಅದು ಏನೆಂದು ಅಂದು ಅರ್ಥವಾಗಲಿಲ್ಲ. ಆಮೇಲೊಂದು ಭೇಟಿಯ ಭಾನುವಾರ ವಾರ್ಡನ್ ಮೇಡಂ ಮಾತಿನ ನಡುವೆ ಹೇಳಿದರು. ಟವರ್ ಸತ್ತು, ರಸ್ತೆಗಳು ಮುಚ್ಚಿ, ನಮ್ಮ ಸುದ್ದಿ ನಿನಗೆ ಮುಟ್ಟದೆ ಹೋದ ಆ ದಿನಗಳಲ್ಲಿ ನೀನು ಪ್ರತಿದಿನ ಗ್ರಂಥಾಲಯಕ್ಕೆ ಹೋಗಿ ಪತ್ರಿಕೆಯ ಮುಂದೆ ನಿಲ್ಲುತ್ತಿದ್ದೆಯಂತೆ. ಮೂಡಿಗೆರೆ ಎಂದು ಕಂಡಲ್ಲೆಲ್ಲ ಬೆರಳಿಟ್ಟು ಓದುತ್ತಿದ್ದೆಯಂತೆ. ಅತ್ತವಳಲ್ಲ, ಯಾರನ್ನೂ ಏನೂ ಕೇಳಿದವಳಲ್ಲ. ಮೇಡಂ ಅದನ್ನು ಹೊಗಳಿಕೆಯಾಗಿ ಹೇಳಿದರು. ನಾನು ತಲೆಯಾಡಿಸಿದೆ.

ಪತ್ರಿಕೆಯಲ್ಲಿ ನಮ್ಮೂರಿನ ಹೆಸರು ಬರಲೇ ಇಲ್ಲ. ನಾಲ್ಕು ಮನೆಯ ಊರು, ಕಾಲುಸಂಕ ಕೊಚ್ಚಿಹೋದ ಮೇಲೆ ವರದಿಗಾರರು ಬರುವುದಾದರೂ ಹೇಗೆ? ಪಕ್ಕದ ಊರುಗಳೆಲ್ಲ ಇದ್ದು ನಮ್ಮದು ಮಾತ್ರ ಇಲ್ಲದಿದ್ದಾಗ ಹನ್ನೊಂದು ವರ್ಷದ ನೀನು ಏನೆಂದುಕೊಂಡೆ? ಹೆಸರಿಲ್ಲ, ಹಾಗಾದರೆ ಏನೂ ಆಗಿಲ್ಲ ಎಂದೇ? ಅಥವಾ ಹೆಸರಿಲ್ಲ, ಹಾಗಾದರೆ ಹೇಳುವುದಕ್ಕೇ ಯಾರೂ ಉಳಿದಿಲ್ಲ ಎಂದೇ? ಮೊದಲ ದಿನ ಒಂದು, ಮೂರನೆಯ ದಿನ ಇನ್ನೊಂದು ಇರಬಹುದು. ಚೌಕದ ಪಕ್ಕದ ಜಾಗವನ್ನು ಏನು ತುಂಬುವುದಕ್ಕೆಂದು ಬಿಟ್ಟಿದ್ದೆ? ಕೇಳಬೇಕೆಂದು ನಾಲ್ಕು ವರ್ಷಗಳಿಂದ ಇದ್ದೇನೆ. ಕೇಳಿದ ಮೇಲೆ ನೀನು ಹೇಳಿಬಿಟ್ಟರೆ ಎಂದು ಸುಮ್ಮನಿದ್ದೇನೆ. ಈಗಲೂ ಉತ್ತರ ಬರೆಯಬೇಡ.

ಕೊನೆಗೆ ಬಾಳೆಹೊನ್ನೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಾನು ಕಳುಹಿಸಿದ ಚೀಟಿ ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ನಿನಗೆ ಸಿಕ್ಕಿತು. 'ಎಲ್ಲರೂ ಇದ್ದೇವೆ. ಮನೆ ಇಲ್ಲ. ಓದಿಕೊ' ಎಂದು ಬರೆದಿದ್ದೆ. ಇನ್ನೂ ಎರಡು ಸಾಲು ಬರೆಯಲು ಜಾಗವಿತ್ತು. ನಮ್ಮ ಕೈಯಲ್ಲಿಲ್ಲದ ಕಾರಣಕ್ಕೇ ಆದರೂ ನೀನು ಅಷ್ಟು ದಿನ ಕತ್ತಲಲ್ಲಿ ಇದ್ದೆ. ಅದಕ್ಕೆ ಕ್ಷಮೆ ಕೇಳಬೇಕು ಅನ್ನಿಸುತ್ತದೆ. ಕೇಳುತ್ತಿದ್ದೇನೆ.

ಹಾಗಾಗಿ, ಪುಟ್ಟಿ, ನಿನ್ನ ಹೆದರಿಕೆ ಗುಡ್ಡದ್ದಲ್ಲ ಎಂದು ನನಗೆ ಅನ್ನಿಸುತ್ತದೆ. ಸುದ್ದಿ ಬಾರದೆ ಇರುವುದೇ ನಿನ್ನ ಹೆದರಿಕೆ. ಅದಕ್ಕೆ ಟಿ.ಸಿ. ಪರಿಹಾರವಲ್ಲ. ನಾನು ಸಹಿ ಹಾಕುವುದಿಲ್ಲ.

ಕೋಪ ಮಾಡಿಕೊಳ್ಳದೆ ಕೇಳು. ನಿನ್ನದು ಸಿಬಿಎಸ್‌ಇ ಹನ್ನೊಂದನೇ ತರಗತಿ. ಇಲ್ಲಿಯ ಪಿಯು ಕಾಲೇಜುಗಳಲ್ಲಿ ಪಾಠ ಶುರುವಾಗಿ ಎರಡು ತಿಂಗಳ ಮೇಲಾಯಿತು. ಪುಸ್ತಕ ಬೇರೆ, ಪರೀಕ್ಷೆಯ ಕ್ರಮ ಬೇರೆ. ಊರಿನಿಂದ ನವೋದಯದ ಪ್ರವೇಶ ಪರೀಕ್ಷೆ ಬರೆದವರಲ್ಲಿ ಆಯ್ಕೆಯಾದವಳು ನೀನೊಬ್ಬಳೇ. ಒಂದು ಶಾಲೆಗೆ ಹೆಚ್ಚೆಂದರೆ ಎಂಬತ್ತು ಸೀಟು. ಫಲಿತಾಂಶದ ಹಾಳೆಯನ್ನು ನಾನು ತೋಟದ ಕೆಲಸದವರಿಗೆಲ್ಲ ತೋರಿಸಿಕೊಂಡು ಬಂದಿದ್ದೆ, ಅಮ್ಮ ಬೈದಿದ್ದಳು. ಈಗಲೂ ಯಾರಾದರೂ ಮಗಳು ಎಲ್ಲಿ ಎಂದು ಕೇಳಿದರೆ ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತೇನೆ. ಅದನ್ನೂ ಅಮ್ಮ ಬೈಯುತ್ತಾಳೆ. ಅಷ್ಟು ಮಾಡಿ ಗಳಿಸಿದ್ದನ್ನು ಒಂದು ರಾತ್ರಿಯ ಭಯಕ್ಕೆ ಬಿಟ್ಟುಕೊಡುವುದು ಸರಿಯೇ ಎಂದು ಯೋಚಿಸು. ಬೆಳಗಿನ ಓಟ ತಪ್ಪಿಸಬೇಡ. ರಾತ್ರಿ ಓದಿನ ಹೊತ್ತಿನಲ್ಲಿ ಪತ್ರಿಕೆ ಹಿಡಿದು ಕೂರಬೇಡ. ಮೆಸ್ಸಿನಲ್ಲಿ ಊಟ ಬಿಡುತ್ತಿದ್ದೀಯೆ ಎಂದು ಮೇಡಂ ಹೇಳಿದರು, ಅದು ನನಗೆ ಇಷ್ಟವಾಗಲಿಲ್ಲ. ಊಟ ಬಿಟ್ಟರೆ ಅಪ್ಪ ಮಣಿಯುತ್ತಾನೆ ಎಂಬ ಲೆಕ್ಕ ಇದ್ದರೆ, ಅದು ನಿನ್ನ ಅಮ್ಮ ಮದುವೆಯಾದ ವರ್ಷವೇ ಮಾಡಿ ಬಿಟ್ಟ ಲೆಕ್ಕ.

ಉಪದೇಶ ಬೇಡವೆಂದುಕೊಂಡೇ ಕೂತಿದ್ದೆ. ಇರಲಿ, ಶುರುವಾದ ಮೇಲೆ ಮುಗಿಸಿಬಿಡುತ್ತೇನೆ.

ನಾನು ಮಳೆಗಾಲದಲ್ಲಿ ತೋಟಕ್ಕೆ ಹೋಗುತ್ತೇನೆಂಬುದು ನಿನ್ನ ಇನ್ನೊಂದು ದೂರು. ಹೋಗುತ್ತೇನೆ. ಉಳಿದಿರುವ ಎರಡೆಕರೆಯಲ್ಲಿ ಕಾಫಿ ಇದೆ, ಮೆಣಸಿದೆ. ಈ ವರ್ಷ ರೊಬಸ್ಟಾಗೆ ನನ್ನ ಅಪ್ಪ, ಅಜ್ಜ ಕಾಣದ ಬೆಲೆ ಬಂದಿದೆ. ಕೊಳೆ ರೋಗ ಬಂದಾಗ ಕೊಳೆತ ಎಲೆ, ಕಾಯಿ ತೆಗೆಯದಿದ್ದರೆ, ಮಳೆ ಬಿಡುವು ಕೊಟ್ಟಾಗ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಆ ಬೆಲೆ ನಮಗಲ್ಲ. ಮನೆಗೆಂದು ಸರ್ಕಾರ ಘೋಷಿಸಿದ ಐದು ಲಕ್ಷದ ಲೆಕ್ಕ, ನಿವೇಶನದ ಕಾಗದ, ಇವು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇವೆ. ಅದನ್ನು ಬರೆಯಲು ಕೂತರೆ ಈ ಹಾಳೆ ಸಾಲದು. ಬಾಡಿಗೆ ಮನೆ ಬಾಡಿಗೆ ಕೇಳುತ್ತದೆ, ತೋಟ ಕೊಡುತ್ತದೆ, ಅಷ್ಟೇ.

ಆದರೆ ಹೇಗೆ ಹೋಗುತ್ತೇನೆಂದು ನಿನಗೆ ಹೇಳಬೇಕು. ರಾತ್ರಿ ಅಲ್ಲಿ ಉಳಿಯುವುದಿಲ್ಲ. ಹಳೆಯ ಮಳೆಮಾಪಕ ಮನೆಯ ಜೊತೆ ಹೋಯಿತು, ಹೊಸದನ್ನು ತಾರಸಿಯ ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ಅಳೆದು ಅಮ್ಮ ಕ್ಯಾಲೆಂಡರಿನಲ್ಲಿ ಇಂಚು ಬರೆಯುತ್ತಾಳೆ. ಹಿಂದಿನ ದಿನ ಐದು ಇಂಚು ದಾಟಿದ್ದರೆ, ಅಥವಾ ಮೂರು ದಿನ ಬಿಡದೆ ಹೊಡೆದಿದ್ದರೆ, ಆ ದಿನ ತೋಟವಿಲ್ಲ. ಇದು ಅಮ್ಮನ ಕಾನೂನು, ಮೇಲ್ಮನವಿ ಇಲ್ಲ. ಒಂದು ದಿನದ ಮಳೆಗಿಂತ ಬಿಡದ ಮಳೆಯೇ ಮೋಸ. ಮೇಲಿನ ಮಣ್ಣು ನೀರು ಕುಡಿದು ಕುಡಿದು ಭಾರವಾಗಿ ಅಡಿಯ ಬಂಡೆಯ ಮೇಲಿನ ಹಿಡಿತ ಬಿಡುತ್ತದೆ, ಆಮೇಲೆ ಇಡೀ ಗುಡ್ಡ ನೆನೆದ ಬೆಲ್ಲದಂತೆ ಕುಸಿಯುತ್ತದೆ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮಳೆಯ ಜೊತೆಗೆ ಇಳಿಜಾರು ಕಡಿದು ಮಾಡಿದ ರಸ್ತೆ, ಮನೆಗಳ ಕಡೆಗೂ ಬೆರಳು ತೋರಿಸಿದ್ದರು. ಇಲ್ಲಿಯ ಜನ ಅದನ್ನು ಓದಿ, ಹೌದೆಂದು ತಲೆಯಾಡಿಸಿ, ಮರುದಿನ ಜೆಸಿಬಿಗೆ ಫೋನು ಮಾಡುತ್ತಾರೆ.

ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಸುರಿಯುವ ಮಳೆಯಲ್ಲೇ ಹಳ್ಳ ಬತ್ತಿದರೆ, ಮರ ಓರೆಯಾದರೆ, ಅಂಗಳದಲ್ಲಿ ಬಿರುಕು ಕಂಡರೆ, ಬಾಗಿಲು ಮುಚ್ಚದೆ ಬಿಗಿದರೆ, ಹೊಸ ಜಾಗದಲ್ಲಿ ಒರತೆ ಎದ್ದರೆ ನಿಲ್ಲಬಾರದು, ಸಾಮಾನಿಗೆ ತಿರುಗಬಾರದು, ಹಳ್ಳದ ದಾರಿ ಹಿಡಿಯಬಾರದು, ಪಕ್ಕದ ಏರಿಗೆ ಹತ್ತಬೇಕು. ಇದನ್ನು ಭೂಗೋಳದಲ್ಲಿ ಓದಿದವಳು ನೀನು. ನಿನಗೇ ಪಾಠ ಹೇಳುತ್ತಿದ್ದೇನೆ ನೋಡು. ನನಗೆ ಇದೆಲ್ಲ ಗೊತ್ತಿದೆ ಎಂದು ನಿನಗೆ ಗೊತ್ತಾಗಲಿ ಎಂದೇ ಬರೆದದ್ದು.

ವಯನಾಡಿನಲ್ಲಿ ಶಾಲೆಯನ್ನೂ ಕೆಸರು ಬಿಡಲಿಲ್ಲವಲ್ಲ, ಹಾಸ್ಟೆಲ್ ಮಾತ್ರ ಭದ್ರವೇ ಎಂದು ಕೇಳಿದೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎಲ್ಲೂ ಪೂರ್ತಿ ಭದ್ರವಲ್ಲ ಎಂದರೆ ತತ್ತ್ವವಾಗುತ್ತದೆ, ನನಗೆ ಅದು ಬರುವುದಿಲ್ಲ. ನಿಮ್ಮ ಕಟ್ಟಡದ ಹಿಂದೆ ಕಡಿದ ಧರೆ ಇಲ್ಲ, ಮೇಲೆ ಹಳ್ಳವಿಲ್ಲ. ಮೊದಲ ದಿನವೇ ಸುತ್ತು ಹಾಕಿ ನೋಡಿ ಬಂದಿದ್ದೆ. ಅಪ್ಪ ಟಾಯ್ಲೆಟ್ ಹುಡುಕುತ್ತಿದ್ದಾನೆ ಎಂದು ನೀನು ನಾಚಿಕೊಂಡಿದ್ದೆ. ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ ಎಂದು ನಿಮ್ಮ ಹೌಸ್‌ಗಳಿಗೆಲ್ಲ ಬೆಟ್ಟಗಳದೇ ಹೆಸರು. ಹೆಸರಿನ ಬೆಟ್ಟಗಳು ಜಾರುವುದಿಲ್ಲ.

ಇನ್ನು ಮುಖ್ಯ ವಿಷಯ. ಮೇಡಂ ಹತ್ತಿರ ಇವತ್ತು ಬೆಳಿಗ್ಗೆ ಮಾತನಾಡಿದೆ. ಸೆಪ್ಟೆಂಬರ್ ಮುಗಿಯುವವರೆಗೆ ಪ್ರತಿ ಸಂಜೆ ಏಳಕ್ಕೆ ಅವರ ಫೋನಿಗೆ ಸಂದೇಶ ಕಳುಹಿಸುತ್ತೇನೆ, ಅವರು ನಿನಗೆ ತೋರಿಸುತ್ತಾರೆ. ಅಂದಿನ ಇಂಚು ಎಷ್ಟು, ನಾನು ಎಲ್ಲಿದ್ದೆ, ಅಜ್ಜಿ ಏನೆಂದಳು. ಏನೂ ಆಗದಿದ್ದರೆ ಏನೂ ಆಗಿಲ್ಲ ಎಂದು. ಟವರ್ ಹೋದರೆ ಕೊಟ್ಟಿಗೆಹಾರದಿಂದ ಹೊರಡುವ ಬಸ್ಸಿನಲ್ಲಿ ಚೀಟಿ ಬರುತ್ತದೆ. ಕಳಸದ ದಾರಿಯಲ್ಲಿ ಹೆಬ್ಬಾಳೆ ಸೇತುವೆ ಮುಳುಗಿತು ಎಂದು ಓದಿದ ಕೂಡಲೇ ಕಂಗೆಡಬೇಡ. ಆ ಸೇತುವೆ ಭದ್ರೆಗೆ ಹೆದರಿ ಮಳೆಗಾಲದಲ್ಲಿ ಪದೇ ಪದೇ ಮುಳುಗುತ್ತದೆ. ನಮ್ಮ ಚೀಟಿ ಆಲ್ದೂರಿನ ಮೇಲಿಂದ ಬರುತ್ತದೆ. ತಡವಾದರೆ ತಡವಾಗಿದೆ ಎಂದಷ್ಟೇ ತಿಳಿ. ಪತ್ರಿಕೆಯಲ್ಲಿ ನಮ್ಮೂರನ್ನು ಹುಡುಕುವ ಕೆಲಸ ನಿನ್ನದಲ್ಲ, ಇನ್ನು ಮುಂದೆ ಆ ಕೆಲಸ ಬೇಡ.

ಒಟ್ಟಿಗೆ ಹೋಗುವ ಮಾತನ್ನು ಮತ್ತೆ ಆಡಬೇಡ. ನಾನು ಅಂದು ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿಯುವಾಗ ಅಮ್ಮ ಹಿಂದಿನಿಂದ ಹೇಳಿದ್ದು ಒಂದೇ ಮಾತು, "ಪುಟ್ಟಿ ಇಲ್ಲಿಲ್ಲವಲ್ಲ, ಸದ್ಯ." ಅದನ್ನು ಅವಳು ಕೆಸರಿನಲ್ಲಿ ನಡೆಯುತ್ತಾ ಎಷ್ಟು ಸಲ ಹೇಳಿದಳೋ. ನೀನು ಅಲ್ಲಿರುವುದು ನಮಗೆ ಏನೆಂದು ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಮುಂದಿನ ಭೇಟಿಯ ಭಾನುವಾರ ಬರುತ್ತೇವೆ. ಒಣಗದ ಸಾಕ್ಸ್ ಬಗ್ಗೆ ಹೇಳಿದ್ದೆ, ಮೂರು ಜೊತೆ ಹೊಸದು ತರುತ್ತೇನೆ. ಅಮ್ಮ ಕಳಲೆ ಉಪ್ಪಿನಕಾಯಿ ಹಾಕಿದ್ದಾಳೆ, ಕೊಠಡಿಯ ಹುಡುಗಿಯರಿಗೆ ಹಂಚಿ ಒಂದೇ ದಿನಕ್ಕೆ ಮುಗಿಸಬೇಡ. ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕೆಂದಿದ್ದೆಯಲ್ಲ, ನಾಡಕಚೇರಿಯಲ್ಲಿ ಕೊಟ್ಟಿದ್ದೇನೆ, ಅಷ್ಟರೊಳಗೆ ಸಿಗಬಹುದು. ಜಗಳ ಉಳಿದಿದ್ದರೆ ಅಂದು ಎದುರಿಗೇ ಆಡು. ಕಳೆದ ಸಲದಂತೆ "ಅಪ್ಪನಿಗೆ ಹೇಳಮ್ಮ" ಎಂದು ಅಮ್ಮನ ಮೂಲಕ ಮಾತನಾಡಿದರೆ ನಾನು ಬಸ್ಸಿನಲ್ಲೇ ಕೂತಿರುತ್ತೇನೆ.

ನಿನ್ನ,
ಅಪ್ಪ