ಮಂಗಳವಾರ ಬಾಗಿಲು ತೆರೆದವರಿಗೆ

ಕಳೆದ ಮಂಗಳವಾರ ನಮ್ಮ ಮಗ ಪೇಟೆಯ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ತಲೆಗೂದಲು ತೆಗೆಸಿಕೊಂಡ. ಅವನಿಗೆ ಈಗ ಹತ್ತು ವರ್ಷ. ಅಂಗಡಿಯಲ್ಲಿ ಕೂದಲು ತೆಗೆಸಿದ್ದು ಇದೇ ಮೊದಲು. ಇದಕ್ಕೆಲ್ಲ ಒಂದು ಬರಹವಾ ಎಂದು ಕೇಳುವವರು ಕೇಳಲಿ, ತೊಂದರೆ ಇಲ್ಲ. ಆಟಿಸಂ ಇರುವ ಮಗುವನ್ನು ಸಾಕಿದವರು ಕೇಳಲಿಕ್ಕಿಲ್ಲ.

ಇಷ್ಟು ವರ್ಷ ನಾವು ಹೇಗೆ ಮಾಡುತ್ತಿದ್ದೆವು ಗೊತ್ತಾ? ರಾತ್ರಿ ಹನ್ನೊಂದರ ಹೊತ್ತಿಗೆ, ಅವನಿಗೆ ಗಟ್ಟಿ ನಿದ್ದೆ ಬಂದ ಮೇಲೆ, ಇವರು ಮೊಬೈಲಿನ ಟಾರ್ಚ್ ಹಿಡಿಯುವುದು, ನಾನು ಕತ್ತರಿ ಹಿಡಿಯುವುದು. ಯಾವ ಮಗ್ಗುಲಿಗೆ ಮಲಗಿದ್ದಾನೋ ಅದರ ಮೇಲಿನ ಬದಿ ಮಾತ್ರ ಸಿಗುತ್ತದೆ. ಮಗ್ಗುಲು ಬದಲಿಸಿದರೆ ನಮ್ಮ ಪುಣ್ಯ, ಇಲ್ಲದಿದ್ದರೆ ಇನ್ನೊಂದು ಬದಿ ನಾಳೆಗೆ. ಎಷ್ಟೋ ಸಲ ಅರ್ಧ ತಲೆ ಕತ್ತರಿಸಿಕೊಂಡೇ ಶಾಲೆಗೆ ಹೋಗಿದ್ದಾನೆ. ಅವನ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಟೀಚರು ಒಂದು ದಿನವೂ "ಇದೆಂತ ಅವಸ್ಥೆ" ಎಂದು ಕೇಳಲಿಲ್ಲ. ಮೊದಲ ಥ್ಯಾಂಕ್ಸ್ ಅವರಿಗೆ.

ಹಠ ಅಲ್ಲ ಅದು. ಟ್ರಿಮ್ಮರಿನ ಸದ್ದು ಅವನಿಗೆ ಕಿವಿಯ ಪಕ್ಕದಲ್ಲೇ ಅಡಿಕೆ ಸುಲಿಯುವ ಮೆಷಿನ್ ಓಡಿದ ಹಾಗೆ ಕೇಳುತ್ತದೆ. ಕುತ್ತಿಗೆಗೆ ಬಿದ್ದ ಕೂದಲ ಚೂರು ನಮಗೆ ಬರೀ ತುರಿಕೆ, ಅವನಿಗೆ ಮುಳ್ಳು. ಇದನ್ನು ಅರ್ಥ ಮಾಡಿಕೊಳ್ಳಲು ನನಗೇ ನಾಲ್ಕು ವರ್ಷ ಬೇಕಾಯಿತು. ಅಲ್ಲಿಯವರೆಗೆ ನಾನೂ ಬೈದಿದ್ದೇನೆ, ಎರಡು ಪೆಟ್ಟೂ ಕೊಟ್ಟಿದ್ದೇನೆ. ಮುಚ್ಚಿಡುವುದು ಯಾಕೆ.

ನಮ್ಮದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆ. ಮೊದಲು ಗಮನಿಸಿದ್ದು ಅಂಗನವಾಡಿ ಟೀಚರು. ಅವನಿಗೆ ಎರಡೂವರೆ ಆಗಿತ್ತು. "ಹೆಸರು ಕರೆದರೆ ತಿರುಗುವುದಿಲ್ಲ, ಏನಾದರೂ ಬೇಕಾದರೆ ಬೆರಳು ತೋರಿಸುವುದಿಲ್ಲ, ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ, ಒಮ್ಮೆ ಡಾಕ್ಟರಿಗೆ ತೋರಿಸಿ" ಅಂದರು. ನನಗೆ ಬಂದ ಸಿಟ್ಟು! ಒಂದು ತಿಂಗಳು ಅವರ ಹತ್ತಿರ ಮಾತಾಡಲಿಲ್ಲ. ಅತ್ತೆಯಂತೂ ನಮ್ಮ ಮನೆಯಲ್ಲಿ ಗಂಡುಮಕ್ಕಳು ಮಾತು ಕಲಿಯುವುದೇ ತಡ, ಇವನ ಅಜ್ಜ ನಾಲ್ಕು ವರ್ಷಕ್ಕೆ ಬಾಯಿ ಬಿಟ್ಟದ್ದು ಎಂದು ಕತೆ ಹೇಳಿದರು. ಇವನೋ ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಒಂದೊಂದೇ ತೆಗೆದು ಜಗಲಿಯ ಉದ್ದಕ್ಕೂ ಸಾಲು ಇಡುವುದರಲ್ಲಿ ಮಗ್ನ. ನಡುವಿನಿಂದ ಒಂದು ತೆಗೆದರೆ ಊರಿಗೇ ಕೇಳುವ ಹಾಗೆ ಕೂಗು. ಟೀಚರೇ, ಆ ಒಂದು ತಿಂಗಳಿಗೆ ಕ್ಷಮೆ ಕೇಳುತ್ತೇನೆ. ನೀವು ಸುಮ್ನೆ ಇದ್ದಿದ್ದರೆ ನಮಗೆ ಇನ್ನೆರಡು ವರ್ಷ ಹೋಗುತ್ತಿತ್ತು.

ಮೂರು ವರ್ಷಕ್ಕೆ ಆಟಿಸಂ ಎಂದು ಖಚಿತವಾಯಿತು. ನಮ್ಮೂರಲ್ಲಿ ಇದನ್ನು ಹೇಳಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಎಂಡೋಸಲ್ಫಾನಾ?" ಕೇಳುವುದರಲ್ಲಿ ತಪ್ಪಿಲ್ಲ. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಆ ಕೀಟನಾಶಕವನ್ನು ಸಿಂಪಡಿಸಿದ ಊರು ಇದು. ನಮ್ಮ ಡಾಕ್ಟರು ಹೇಳಿದ್ದು ಇಷ್ಟು: ಒಂದು ಮಗುವನ್ನು ತೋರಿಸಿ ಇದರಿಂದಲೇ ಬಂತು ಎನ್ನಲು ಆಗುವುದಿಲ್ಲ, ಆಟಿಸಂನಲ್ಲಿ ವಂಶವಾಹಿಗಳ ಪಾಲು ದೊಡ್ಡದು, ಚುಚ್ಚುಮದ್ದಿನಿಂದ ಬರುವುದಿಲ್ಲ, ಅಮ್ಮ ಮುದ್ದು ಮಾಡದ್ದರಿಂದಲೂ ಬರುವುದಿಲ್ಲ. ಕೊನೆಯ ಮಾತನ್ನು ಅವರು ನನ್ನ ಅತ್ತೆಯ ಕಡೆ ನೋಡಿ ಎರಡು ಸಲ ಹೇಳಿದರು. ಅದಕ್ಕೆ ಬೇರೆಯೇ ಒಂದು ಥ್ಯಾಂಕ್ಸ್.

ಎಂಡೋಸಲ್ಫಾನ್ ಬಾಧಿತ ಮಕ್ಕಳ ಅಮ್ಮಂದಿರಿಗೆ ನಾನು ಸಲ್ಲಿಸಬೇಕಾದ ಋಣ ಬೇರೆ ಉಂಟು. ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಧರಣಿ ಕೂತು ಬಂದವರು ಅವರು. ಆಫೀಸಿನ ಕಿಟಕಿಯ ಎದುರು ಹೇಗೆ ನಿಲ್ಲಬೇಕು, "ನಾಳೆ ಬನ್ನಿ" ಅಂದರೆ ಏನು ಹೇಳಬೇಕು, ಕೊಟ್ಟ ಅರ್ಜಿಗೆ ರಶೀದಿ ಯಾಕೆ ಬಿಡಬಾರದು, ಎಲ್ಲ ನನಗೆ ಕಲಿಸಿದ್ದು ಅವರೇ. ಈಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರಲ್ಲಿ ಇಬ್ಬರು ಇದ್ದಾರೆ. ಗುಂಪಿನ ಭಾಷೆ ಯಾವುದು ಅಂತ ಕೇಳಬೇಡಿ. ಒಬ್ಬರು ಕನ್ನಡದಲ್ಲಿ ಟೈಪ್ ಮಾಡಿದರೆ ಇನ್ನೊಬ್ಬರು ಮಲಯಾಳದಲ್ಲಿ ವಾಯ್ಸ್ ಕಳಿಸುತ್ತಾರೆ, ಮಧ್ಯೆ ತುಳು, ಬ್ಯಾರಿ, ಮರಾಠಿ ಎಲ್ಲ ಬರುತ್ತದೆ.

ಭಾಷೆಯ ಮಾತು ಬಂತಲ್ಲ, ಅದನ್ನು ಹೇಳದೆ ಮುಂದೆ ಹೋಗಲು ಆಗುವುದಿಲ್ಲ.

ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಬ್ಬರು ನಮಗೆ ಹೇಳಿದರು, ಮನೆಯಲ್ಲಿ ಎರಡು ಮೂರು ಭಾಷೆ ಬೇಡ, ಮಗುವಿಗೆ ಗೊಂದಲ ಆಗುತ್ತದೆ, ಥೆರಪಿ ಮಲಯಾಳದಲ್ಲಿ ನಡೆಯುವುದರಿಂದ ಮನೆಯಲ್ಲೂ ಮಲಯಾಳ ಮಾತ್ರ ಆಡಿ ಎಂದು. ನಾವು ಹವ್ಯಕರು, ಮನೆಯೊಳಗೆ ಹವ್ಯಕ ಕನ್ನಡ, ತೋಟದ ಕೆಲಸದವರ ಜತೆ ತುಳು. ಆದರೂ ಮಗನಿಗಾಗಿ ಒಪ್ಪಿದೆವು. ಒಂಬತ್ತು ತಿಂಗಳು ಮಲಯಾಳ ಮಾತಾಡಿದೆವು ಮಾರಾಯ್ರೆ. ನನ್ನದು ಅರ್ಧಂಬರ್ಧ ಮಲಯಾಳ, ಇವರದು ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು. "ಪುಟ್ಟೋ, ಉಂಬಲೆ ಬಾ" ಎನ್ನುತ್ತಿದ್ದ ಅತ್ತೆಗೆ "ಚೋರ್ ತಿನ್ನಾಂ, ವಾ" ಎಂದು ಬಾಯಿಪಾಠ ಮಾಡಿಸಿದೆವು. ಅವರು ಎರಡು ದಿನ ಹೇಳಿದರು. ಆಮೇಲೆ ಮೊಮ್ಮಗನ ಹತ್ತಿರ ಮಾತಾಡುವುದನ್ನೇ ಬಿಟ್ಟರು. ಬಟ್ಟಲು ಮುಂದಿಟ್ಟು ಸುಮ್ಮನೆ ಕೂರುತ್ತಿದ್ದರು. ಮಾತು ಬಾರದ ಒಂದು ಮಗು ಇತ್ತು ಮನೆಯಲ್ಲಿ, ಈಗ ಮಾತು ಬಿಟ್ಟ ಅಜ್ಜಿಯೂ ಸೇರಿದಂತಾಯಿತು.

ಇದನ್ನು ನಿಲ್ಲಿಸಿದ್ದು ಮಂಗಳೂರಿನ ಒಬ್ಬ ಸ್ಪೀಚ್ ಥೆರಪಿಸ್ಟ್. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ನನ್ನ ಮಲಯಾಳ ಐದು ನಿಮಿಷ ಕೇಳಿಸಿಕೊಂಡು, "ನೀವು ಮನೆಯಲ್ಲಿ ಜಗಳ ಆಡುವುದು ಯಾವ ಭಾಷೆಯಲ್ಲಿ?" ಅಂದರು. ಹೇಳಿದೆ. "ಹಾಗಾದರೆ ಮಗನ ಹತ್ತಿರವೂ ಅದರಲ್ಲೇ ಮಾತಾಡಿ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳಿಗೆ ಅದರಿಂದ ಮಾತು ಹಿಂದೆ ಬಿದ್ದದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಅಮ್ಮನಿಗೆ ಸಲೀಸಾಗಿ ಬಾರದ ಭಾಷೆಯಲ್ಲಿ ಮಗು ಕಲಿಯುವುದು ಏನನ್ನು?" ಮನೆಗೆ ಬಂದು ಅತ್ತೆಗೆ ಹೇಳಿದಾಗ ಅವರು ಸೆರಗಲ್ಲಿ ಮುಖ ಒರೆಸಿಕೊಂಡು ನೇರ ಅವನ ಹತ್ತಿರ ಹೋದರು. ಎಂತ ಹೇಳಿದರು ಎಂದು ಬರೆಯಬೇಕಾಗಿಲ್ಲ ಅಲ್ವಾ.

ಹದಿನೈದು ದಿನಕ್ಕೊಮ್ಮೆ ಮಂಗಳೂರಿಗೆ ಬಸ್ಸು. ಹೋಗುವಾಗ ಒಂದೇ ಸೀಟು ಬೇಕು ಅವನಿಗೆ, ಡ್ರೈವರಿನ ಹಿಂದಿನ ಕಿಟಕಿ. ಅದನ್ನು ಖಾಲಿ ಇಡಿಸುತ್ತಿದ್ದ ಕಂಡಕ್ಟರಿಗೂ, ಗೊಣಗದೆ ಎದ್ದು ಬೇರೆ ಸೀಟಿಗೆ ಹೋದ ಎಷ್ಟೋ ಮಂದಿಗೂ ಕೈ ಮುಗಿಯುತ್ತೇನೆ. ಗೊಣಗಿದವರಿಗೆ ಏನೂ ಇಲ್ಲ.

ಆಮೇಲೆ 2020ರ ಮಾರ್ಚ್ ಬಂತು. ಕೊರೋನಾ ಎಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಡಯಾಲಿಸಿಸ್‌ಗೆ ಹೋಗುವವರೇ ಈ ಕಡೆ ಸಿಕ್ಕಿಬಿದ್ದಿದ್ದಾಗ ನಮ್ಮ ಸ್ಪೀಚ್ ಥೆರಪಿಯನ್ನು ಯಾರು ಕೇಳುತ್ತಾರೆ. ನಾವೂ ಯಾರಿಗೂ ಹೇಳಲಿಲ್ಲ. ಆ ಥೆರಪಿಸ್ಟ್ ತಾವೇ ವಿಡಿಯೋ ಕಾಲ್ ಮಾಡಲು ಶುರು ಮಾಡಿದರು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ದನದ ಕೊಟ್ಟಿಗೆಯ ಹಿಂದಿನ ದರೆಯ ಮೇಲೆ ಮಾತ್ರ. ಅಲ್ಲಿ ಚಾಪೆ ಹಾಸಿ ನಾವು ಮೂವರು ಕೂರುತ್ತಿದ್ದೆವು. ಅವರು ಹೇಳಿಕೊಟ್ಟ ಹಾಗೆ ಹಳೆ ಮದುವೆ ಕಾಗದ ಕತ್ತರಿಸಿ ಚಿತ್ರದ ಕಾರ್ಡು ಮಾಡಿದೆ. ನೀರು, ಅನ್ನ, ಹೊರಗೆ, ಕಕ್ಕಸು, ಬೇಡ. ಬೇಡ ಅನ್ನುವುದಕ್ಕೆ ಕೆಂಪು ಬಣ್ಣದಲ್ಲಿ ಒಂದು ಅಂಗೈ. ನಾನಂತೂ ಅನ್ನ, ನೀರೇ ಮುಖ್ಯ ಅಂದುಕೊಂಡಿದ್ದೆ. ಅವರು ಹೇಳಿದರು, "ಬೇಡ ಕಾರ್ಡು ತೋರಿಸಿದಾಗ ನೀವು ನಿಜವಾಗಿ ನಿಲ್ಲಿಸಬೇಕು. ಪ್ರತಿ ಸಲ. ಇಲ್ಲದಿದ್ದರೆ ಅವನಿಗೆ ಕೂಗುವುದು ಬಿಟ್ಟು ಬೇರೆ ದಾರಿ ಇಲ್ಲ."

ಆ ವರ್ಷದ ಮಳೆಗಾಲದಲ್ಲಿ ಅವನ ಮೊದಲ ಮಾತು ಬಂತು. "ಬೇಡ." ಹಲಸಿನ ಹಣ್ಣಿನ ತೊಳೆಗೆ. ಬೇರೆ ಮನೆಗಳಲ್ಲಿ ಮಗು ಅಮ್ಮಾ ಅಂದರೆ ಸಂಭ್ರಮ, ನಮ್ಮಲ್ಲಿ ಬೇಡ ಅಂದದ್ದಕ್ಕೆ ಅತ್ತೆ ಪಾಯಸ ಮಾಡಿದರು. ಅದೂ ಬೇಡ ಅಂದ.

ಕಾಗದಪತ್ರದ ಕತೆ ಚಿಕ್ಕದಾಗಿ ಹೇಳುತ್ತೇನೆ, ಹೊಸ ಅಪ್ಪ ಅಮ್ಮಂದಿರಿಗೆ ಬೇಕಾದೀತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ಸ್ಥಿತಿಗಳ ಪಟ್ಟಿಯಲ್ಲಿ ಉಂಟು. ಮೆಡಿಕಲ್ ಬೋರ್ಡ್ ವೈಕಲ್ಯ ಶೇಕಡಾ 40 ಅಥವಾ ಜಾಸ್ತಿ ಎಂದು ಬರೆದುಕೊಟ್ಟರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಕೊಳ್ಳಿ, ಅದು ಗಡಿಯ ಆಚೆಗೂ ನಡೆಯುತ್ತದೆ, ನಮ್ಮಂಥವರಿಗೆ ಅದೇ ದೊಡ್ಡದು. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ ಉಂಟು, ಥೆರಪಿ ಖರ್ಚಿಗೂ ಕೇಳಬಹುದು, ಬಿಲ್ಲು ಮಾತ್ರ ಜೋಪಾನ. ಬೋರ್ಡಿನ ದಿನ ಎರಡು ತಾಸು ಕಾಯುವಾಗ ಮಗ ನೆಲದಲ್ಲಿ ಬಿದ್ದು ಹೊರಳಾಡುತ್ತಿದ್ದ, ಸುತ್ತ ಎಲ್ಲರೂ ನೋಡುತ್ತಿದ್ದರು. ಬುರ್ಖಾ ಹಾಕಿದ ಒಬ್ಬ ಅಮ್ಮ ಏನೂ ಕೇಳದೆ ನನ್ನ ಫೈಲ್ ತೆಗೆದುಕೊಂಡು ಸಾಲಿನಲ್ಲಿ ನಿಂತರು. ಅವರ ಮಗಳೂ ಅದೇ ಸಾಲಿನವಳು. ಇವತ್ತು ನಮ್ಮ ವಾಟ್ಸಾಪ್ ಗುಂಪಿನ ಅಡ್ಮಿನ್ ಅವರೇ.

ಅವರಿಂದ ನಮ್ಮ ದುಡ್ಡೂ ಉಳಿಯಿತು. ನೆಂಟರೊಬ್ಬರು ಸ್ಟೆಮ್ ಸೆಲ್ ಚಿಕಿತ್ಸೆಯ ವಿಡಿಯೋ ಕಳಿಸಿದ್ದರು, ಆಟಿಸಂ ಗುಣ ಆಗುತ್ತದಂತೆ, ಲಕ್ಷಗಟ್ಟಲೆ ಖರ್ಚು. ನಾನು ಬಳೆ ಅಡ ಇಡಲು ಹೊರಟಿದ್ದೆ, ಸತ್ಯವಾಗಿ. ಆಕೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ಆಟಿಸಂಗೆ ಸ್ಟೆಮ್ ಸೆಲ್ ಶಿಫಾರಸು ಮಾಡುವಂಥದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದ್ದನ್ನು ಓದಿ ಹೇಳಿದರು. "ಬಳೆ ಕೈಯಲ್ಲೇ ಇರಲಿ" ಅಂದರು. ಇದೆ.

ಒಂದು ಶಾಲೆ "ನಮ್ಮಲ್ಲಿ ಇಂಥವರಿಗೆ ಸೌಕರ್ಯ ಇಲ್ಲ" ಎಂದು ಗೇಟಿನಿಂದಲೇ ಕಳಿಸಿತ್ತು. ಈಗಿನ ಕನ್ನಡ ಮಾಧ್ಯಮದ ಶಾಲೆ ಒಂದೇ ಮಾತಿಗೆ ಸೇರಿಸಿಕೊಂಡಿತು. ಬಿಆರ್‌ಸಿಯಿಂದ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರ) ವಾರಕ್ಕೊಮ್ಮೆ ಬರುವ ರಿಸೋರ್ಸ್ ಟೀಚರ್ ಮಲಯಾಳಿ. ಕನ್ನಡದ ಗಂಧವೇ ಇರಲಿಲ್ಲ ಅವರಿಗೆ. ನಮ್ಮ ಮಗನ ಕಾರ್ಡಿಗಾಗಿ ಒಂದನೇ ಕ್ಲಾಸಿನ ಮಕ್ಕಳ ಜತೆ ಬೆಂಚಿನಲ್ಲಿ ಕೂತು ಅಕ್ಷರ ಕಲಿತರು. ಅವರ "ಕ್ಷ" ನೋಡಿದರೆ ಇನ್ನೂ ನಗು ಬರುತ್ತದೆ, ಆದರೆ ಕ್ಷೌರದ ಕಾರ್ಡು ಬರೆದದ್ದು ಅವರೇ: ಅಂಗಡಿಯ ಬಾಗಿಲು, ಕುರ್ಚಿ, ಬಾಚಣಿಗೆ, ಕತ್ತರಿ, ಕನ್ನಡಿ, ಕೊನೆಗೆ ಗೋಳಿಬಜೆ. ಎಲ್ಲ ನಿಜವಾದ ಅಂಗಡಿಯದೇ ಫೋಟೊ.

ಅಂಗಡಿಯವರನ್ನು ನಾನು ಕೇಳಿದ್ದು ಹೆದರಿ ಹೆದರಿ. ಮಂಗಳವಾರ ನಮ್ಮಲ್ಲಿ ಕ್ಷೌರದಂಗಡಿಗಳಿಗೆ ರಜೆ. ಅವರು ತುಳುವಿನಲ್ಲಿ, ಹಾಗಾದರೆ ಮಂಗಳವಾರವೇ ಬನ್ನಿ, ಬೇರೆ ಯಾರೂ ಇರುವುದಿಲ್ಲ, ಟಿವಿಯೂ ಹಾಕುವುದಿಲ್ಲ ಅಂದರು. ವಾರಕ್ಕೆ ಸಿಗುವ ಒಂದೇ ರಜೆ ಅದು ಅವರಿಗೆ. ಮೊದಲ ಮಂಗಳವಾರ ಬಾಗಿಲಲ್ಲಿ ನಿಂತು ವಾಪಸು. ಎರಡನೆಯದಕ್ಕೆ ಕುರ್ಚಿ ಹತ್ತಿ ಮೇಲೆ ಕೆಳಗೆ ಮಾಡಿಸಿಕೊಂಡು, ಕತ್ತರಿ ಮುಟ್ಟಿ, ಗೋಳಿಬಜೆ ತಿಂದು ಬಂದ. ಮೂರನೆಯದಕ್ಕೆ ಮೈಗೆ ಹೊದಿಸುವ ಆ ನೈಲಾನ್ ಬಟ್ಟೆ ಕಂಡು ಕೆಂಪು ಕಾರ್ಡು. ಅವರು ಮಡಚಿ ಒಳಗಿಟ್ಟರು. ಈ ಸಲ ಮನೆಯಿಂದ ಅವನದೇ ಹಳೆ ಬೈರಾಸು (ಟವೆಲು) ಒಯ್ದೆವು.

ಟ್ರಿಮ್ಮರ್ ಇಲ್ಲ, ಕತ್ತರಿ ಮಾತ್ರ. ಹತ್ತು ಸಲ ಕಚ್ ಕಚ್, ಆಮೇಲೆ ಕೈ ಕೆಳಗೆ. ಎಣಿಸುವುದು ಮಗ. ಅದೂ ಮಲಯಾಳದಲ್ಲಿ, ಒನ್ನ್, ರಂಡ್, ಮೂನ್ನ್, ಎಲ್ಲಿ ಕಲಿತನೋ. ಹತ್ತು ಆದ ಕೂಡಲೇ ಅವರು "ಯಾವಾ ಮಗಾ?" (ಸಾಕಾ ಮಗಾ?) ಎಂದು ತುಳುವಿನಲ್ಲಿ ಕೇಳುವುದು, ಇವನು ಕನ್ನಡಿಯಲ್ಲಿ ಅವರ ಕತ್ತರಿಯನ್ನೇ ನೋಡುತ್ತ ಪುನಃ ಒನ್ನ್ ಅನ್ನುವುದು. ನಲವತ್ತು ನಿಮಿಷ ನಾನು ಬೆಂಚಿನ ಅಂಚಿನಲ್ಲಿ ಉಸಿರು ಹಿಡಿದು ಕೂತಿದ್ದೆ. ಎಡಗಿವಿಯ ಹಿಂದೆ ಬಂದಾಗ ಕೆಂಪು ಕಾರ್ಡು ಮೇಲೆ ಬಂತು. ಅವರು ಕತ್ತರಿ ಮೇಜಿನ ಮೇಲಿಟ್ಟುಬಿಟ್ಟರು. ಇನ್ನೆರಡೇ ಸಲ ಕತ್ತರಿಸಿದರೆ ಮುಗಿಯುತ್ತಿತ್ತು, ನನ್ನ ಬಾಯಿ ತುದಿವರೆಗೆ ಬಂದಿತ್ತು "ಇನ್ನೊಂದ್ಚೂರು" ಎಂದು. ಅವರು ನನ್ನ ಮುಖವನ್ನೂ ನೋಡಲಿಲ್ಲ.

ಹಾಗಾಗಿ ಎಡಗಿವಿಯ ಹಿಂದೆ ಈಗಲೂ ಒಂದು ಜುಟ್ಟು ಉಂಟು. ಮುಂದಿನ ತಿಂಗಳು ನೋಡುವ. ಕಾರ್ಡುಗಳ ಪ್ರತಿ ಬೇಕಾದವರು ಹೇಳಿ, ಕಳಿಸುತ್ತೇನೆ, ನಿಮ್ಮ ಅಂಗಡಿಯ ಫೋಟೊ ನೀವೇ ಅಂಟಿಸಿಕೊಳ್ಳಬೇಕು.

ಇಷ್ಟೆಲ್ಲ ಬರೆದು ಫೋಟೊ ಯಾಕಿಲ್ಲ ಎಂದರೆ, ಹಾಕಲಾ ಎಂದು ಅವನನ್ನೇ ಕೇಳಿದೆ. ಬೇಡ ಅಂದ.