ಕೊಂಡು ಕೇಳಿದವರ ಮಾತಿಗೂ ಒಂದಿಷ್ಟು ಜಾಗ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಎಲ್‌ಪಿ ರೆಕಾರ್ಡುಗಳು, ಅಂದರೆ ಮುಳ್ಳು ಇಟ್ಟು ಕೇಳುವ ಹಳೆಯ ಕಾಲದ ದೊಡ್ಡ ಹಾಡಿನ ತಟ್ಟೆಗಳು, ಮತ್ತೆ ಅಂಗಡಿಗೆ ಬಂದಿರುವ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನ ಓದಿದೆ. ರೆಕಾರ್ಡಿನ ಬೆಲೆ, ಅದನ್ನು ತಿರುಗಿಸಿ ನುಡಿಸುವ ಟರ್ನ್‌ಟೇಬಲ್ಲಿನ ಬೆಲೆ, ಹುಡುಗರ ಉತ್ಸಾಹ ಎಲ್ಲವೂ ಅದರಲ್ಲಿತ್ತು. ಕೊಂಡವರು ಮನೆಗೆ ಒಯ್ದು ಹಾಕಿ ಕೇಳಿದ ಮೇಲೆ ಏನಂದರು ಎಂಬುದು ಮಾತ್ರ ಇರಲಿಲ್ಲ. ಮೂವತ್ತೈದು ವರ್ಷಗಳಿಂದ ಸಂಬಳದಲ್ಲಿ ಉಳಿಸಿ ಪಾಪ್, ರಾಕ್ ಆಲ್ಬಮ್‌ಗಳನ್ನು ಕೊಳ್ಳುತ್ತ ಬಂದ ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾದ ಸುದ್ದಿ. ಯಾಕೆ ಎಂದು ಹೇಳಲು ಈ ಪತ್ರ.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೆಟಾಲಿಕಾ ರಾಕ್ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಿಡುಗಡೆಯಾಯಿತು. ಆಗ ನಾನು ಬೆಂಗಳೂರಿನಲ್ಲಿದ್ದೆ. ಸಿ.ಡಿ. ತಂದ ರಾತ್ರಿ ಊಟ ಮುಗಿಸಿ, ಬಾಗಿಲು ಮುಂದೆ ಮಾಡಿ ಕೇಳಲು ಕುಳಿತೆ. ಹಾಡುಗಳು ಚೆನ್ನಾಗಿದ್ದವು. ಆದರೆ ಡ್ರಮ್ಮಿನ ಪೆಟ್ಟು ಬಿದ್ದಾಗಲೆಲ್ಲ ಕಾಗದ ಹರಿದ ಹಾಗೆ ಚರ್ ಎಂಬ ಸದ್ದು. ಸ್ಪೀಕರಿನ ಕೋನ್ ಹರಿದಿರಬೇಕು ಅಂದುಕೊಂಡೆ. ಮರುದಿನ ಎರಡೂ ಸ್ಪೀಕರುಗಳನ್ನು ಆಟೋದಲ್ಲಿ ಇಟ್ಟುಕೊಂಡು ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ತಮ್ಮ ಬಳಿಯಿದ್ದ ಹಳೆಯ ಸಿನಿಮಾ ಹಾಡಿನ ಸಿ.ಡಿ. ಹಾಕಿದರು, ಗಂಟೆ ಬಾರಿಸಿದಷ್ಟು ಸ್ಪಷ್ಟ. ನಾನು ತಂದದ್ದನ್ನು ಹಾಕಿದರು, ಮತ್ತೆ ಅದೇ ಚರ್. “ಸ್ಪೀಕರ್ ಗಟ್ಟಿಮುಟ್ಟಾಗಿದೆ ಸಾರ್. ನಿಮ್ಮ ಸೀಡೀನೇ ಹಿಂಗಿರೋದು,” ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಕೆಲವು ವಾರಗಳಲ್ಲಿ ಗೊತ್ತಾಯಿತು, ಜಗತ್ತಿನ ಮೂಲೆಮೂಲೆಯಲ್ಲಿ ಆ ಸಿ.ಡಿ. ಕೊಂಡವರು ಇದೇ ಮಾತು ಹೇಳುತ್ತಿದ್ದರು. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೊ ಆಟದಲ್ಲೂ ಇದ್ದವು, ಅಲ್ಲಿ ಈ ಕರ್ಕಶ ಇರಲಿಲ್ಲ. ಕೇಳುಗರು ಎರಡನ್ನೂ ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟು ಧ್ವನಿಯ ಅಲೆಗಳ ಚಿತ್ರ ತೆಗೆದು ತೋರಿಸಿದರು. ಸಿ.ಡಿ.ಯ ಅಲೆಗಳ ತುದಿಗಳು ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗಿದ್ದವು. ಮತ್ತೆ ಮಿಕ್ಸ್ ಮಾಡಿ, ಅಂದರೆ ವಾದ್ಯ ಮತ್ತು ದನಿಗಳನ್ನು ಹೊಸದಾಗಿ ಹದವಾಗಿ ಬೆರೆಸಿ ಕೊಡಿ ಎಂಬ ಮನವಿಗೆ ಸಾವಿರಾರು ಜನ ಸಹಿ ಹಾಕಿದರು. ಆಲ್ಬಮ್ಮಿನ ಮಾಸ್ಟರಿಂಗ್ (ಬೆರೆಸಿದ ಹಾಡುಗಳಿಗೆ ಅಚ್ಚಿಗೆ ಮುನ್ನ ಕೊನೆಯ ರೂಪ ಕೊಡುವ ಕೆಲಸ) ಮಾಡಿದ ಟೆಡ್ ಜೆನ್ಸನ್ ಅವರೂ, ತಮ್ಮ ಕೈಗೆ ಬರುವ ಮೊದಲೇ ಅದು ಹಾಗಾಗಿತ್ತು ಎಂದರು. ಅಂದರೆ ಕೇಳುಗರ ಕಿವಿ ತಪ್ಪಿರಲಿಲ್ಲ. ಆಗ ನಾನು ಓದಿದ ಪತ್ರಿಕಾ ವಿಮರ್ಶೆಗಳಲ್ಲಿ ಗಿಟಾರಿನ ಬಗ್ಗೆ, ಸಾಹಿತ್ಯದ ಬಗ್ಗೆ, ತಂಡ ಹಳೆಯ ಲಯಕ್ಕೆ ಮರಳಿದ ಬಗ್ಗೆ ಪುಟಗಟ್ಟಲೆ ಇತ್ತು. ನನ್ನನ್ನು ಎಸ್.ಪಿ. ರಸ್ತೆಗೆ ಓಡಿಸಿದ ಸಂಗತಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಸಿ.ಡಿ. 1982ರಲ್ಲಿ ಬಂದಾಗಿನಿಂದಲೂ ಅದರೊಳಗೆ ಧ್ವನಿ ಏರಬಹುದಾದ ಎತ್ತರಕ್ಕೆ ಒಂದು ಮಿತಿ ಇದೆ, ಮನೆಯ ಸೂರಿನ ಹಾಗೆ. ತಮ್ಮ ಹಾಡು ಬೇರೆಯವರ ಹಾಡಿಗಿಂತ ಜೋರಾಗಿ ಕೇಳಬೇಕು ಎಂಬ ಪೈಪೋಟಿ ತೊಂಬತ್ತರ ದಶಕದಲ್ಲಿ ಬಿರುಸಾಯಿತು. ಸೂರನ್ನು ಎತ್ತರಿಸಲು ಬರುವುದಿಲ್ಲ. ಹಾಗಾಗಿ ಮೆಲುದನಿಯನ್ನೆಲ್ಲ ಮೇಲಕ್ಕೆ ದಬ್ಬಿ, ಸೂರಿಗೆ ತಾಗಿದ ತುದಿಗಳನ್ನು ಕತ್ತರಿಸಿದರು. ಡೊಳ್ಳು ಕುಣಿತ ನೋಡಿದವರಿಗೆ ಇದರ ನಷ್ಟ ಥಟ್ಟನೆ ಅರ್ಥವಾಗುತ್ತದೆ. ಕೋಲು ಮೇಲೆತ್ತಿ ಇನ್ನೂ ಇಳಿಸದ ಆ ಅರೆಗಳಿಗೆಯ ಮೌನವೇ ಮುಂದಿನ ಪೆಟ್ಟಿಗೆ ತೂಕ ಕೊಡುವುದು. ಆ ಮೌನವನ್ನು ತುಂಬಿಸಿಬಿಟ್ಟರೆ ಉಳಿಯುವುದು ಗದ್ದಲ. ಅರ್ಧ ಗಂಟೆಯಲ್ಲಿ ತಲೆ ನೋಯುತ್ತದೆ.

ಕೇಳುಗರು ಹೇಳಿದ್ದನ್ನು ಕಲಾವಿದರು ಕಿವಿಗೆ ಹಾಕಿಕೊಂಡ ಉದಾಹರಣೆಯೂ ಇದೆ, ಅದು ನನಗೆ ತುಂಬ ಹತ್ತಿರದ್ದು. ಕೆನಡಾದ ರಶ್ ತಂಡದ ಡ್ರಮ್ಮರ್ ನೀಲ್ ಪಿಯರ್ಟ್ 1997ರಲ್ಲಿ ಮಗಳನ್ನೂ ಮರುವರ್ಷ ಹೆಂಡತಿಯನ್ನೂ ಕಳೆದುಕೊಂಡರು. ತಂಡ ಇನ್ನು ಹಾಡುವುದೇ ಇಲ್ಲ ಅಂದುಕೊಂಡವರಿಗೆ 2002ರಲ್ಲಿ ‘ವೇಪರ್ ಟ್ರೇಲ್ಸ್’ ಸಿಕ್ಕಿತು. ಅಷ್ಟು ಕಾದು ಕೊಂಡ ಆಲ್ಬಮ್ ಅದು. ಹಾಡುಗಳನ್ನು ಮೆಚ್ಚಿದ ಜನರೇ, ಪೂರ್ತಿ ಕೇಳಲು ಕಿವಿ ಸೋಲುತ್ತದೆ ಎಂದು ನೊಂದು ಹೇಳಿದರು. ಪ್ರೀತಿ ಇದ್ದವರು ಹೇಳಿದ ದೂರು ಅದು, ಹಾಗಾಗಿ ಅದಕ್ಕೆ ಬೆಲೆ ಇತ್ತು. ತಂಡವೂ ಒಪ್ಪಿಕೊಂಡಿತು. 2013ರಲ್ಲಿ ಡೇವಿಡ್ ಬಾಟ್ರಿಲ್ ಅವರಿಂದ ಇಡೀ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಿಸಿ ಹೊರತಂದರು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಹೊಸದರಲ್ಲಿ ಡ್ರಮ್ಮಿನ ಜೊತೆಗಿರುವ ಲೋಹದ ತಟ್ಟೆಗಳು, ಅಂದರೆ ಸಿಂಬಲ್‌ಗಳು, ಮೊದಲ ಸಲ ಸಿಂಬಲ್‌ಗಳಂತೆ ಕೇಳಿಸಿದವು.

ಎಲ್ಲರೂ ಹೀಗೆ ಒಪ್ಪುವುದಿಲ್ಲ. ಮೆಟಾಲಿಕಾದ 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ತಗ್ಗು ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್ ಇದ್ದೂ ಇಲ್ಲದಂತಿದೆ. 2018ರ ಮರುಬಿಡುಗಡೆಯಲ್ಲೂ ತಂಡ ಅದನ್ನು ಹಾಗೆಯೇ ಉಳಿಸಿತು. ಅದು ಅವರ ಹಕ್ಕು. ಆದರೆ ದುಡ್ಡು ಕೊಡುವವನಿಗೆ ಮೊದಲೇ ತಿಳಿದಿರಬೇಕಲ್ಲವೇ?

ಕೇಳುಗರ ಮಾತೆಲ್ಲ ವೇದವಾಕ್ಯ ಎಂದು ನಾನು ವಾದಿಸುವುದಿಲ್ಲ. 2022ರ ಜುಲೈನಲ್ಲಿ ಅಮೆರಿಕದಲ್ಲಿ, ಹಳೆಯ ಆಲ್ಬಮ್‌ಗಳನ್ನು ಮತ್ತೆ ಎಲ್‌ಪಿಯಾಗಿ ಹೊರತರುವ ಮೊಬೈಲ್ ಫಿಡೆಲಿಟಿ ಕಂಪನಿಯ ಪ್ರಕರಣ ಬಯಲಿಗೆ ಬಂತು. ಮೂಲ ಟೇಪಿನಿಂದ ಡಿಜಿಟಲ್ ಸೋಂಕಿಲ್ಲದೆ ಮಾಡಿದ್ದು ಎಂದು ನಂಬಿ ಜನ ದುಬಾರಿ ಬೆಲೆಗೆ ಕೊಳ್ಳುತ್ತಿದ್ದ ಎಲ್‌ಪಿಗಳಲ್ಲಿ ಅನೇಕವು ನಡುವೆ ಡಿಜಿಟಲ್ ಹಂತ ದಾಟಿಯೇ ಬಂದಿದ್ದವು. ಡಿಜಿಟಲ್ ಎಂದರೆ ಮೂಗು ಮುರಿಯುತ್ತಿದ್ದ ಎಷ್ಟೋ ಕೇಳುಗರು ಅದೇ ಎಲ್‌ಪಿಗಳನ್ನು ವರ್ಷಗಟ್ಟಲೆ ಹೊಗಳಿದ್ದರು. ಅಚ್ಚರಿಯೆಂದರೆ ಗುಟ್ಟನ್ನು ಹೊರಗೆಳೆದವರು ಅರಿಜೋನಾದ ಒಬ್ಬ ರೆಕಾರ್ಡ್ ಅಂಗಡಿ ಮಾಲೀಕರು. ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಆಲ್ಬಮ್ಮಿನ 40,000 ಪ್ರತಿ ಮಾಡುತ್ತೇವೆ ಎಂದು ಕಂಪನಿ ಪ್ರಕಟಿಸಿತ್ತು. ಅಷ್ಟು ಪ್ರತಿಗಳಿಗಾಗಿ ಹಳೆಯ ಮೂಲ ಟೇಪನ್ನು ಮತ್ತೆ ಮತ್ತೆ ಓಡಿಸಲು ಯಾರೂ ಬಿಡಲಾರರು ಎಂದು ಬಲ್ಲವರಿಗೆ ಅನುಮಾನ ಬಂದಿತ್ತು. ಈ ಪ್ರಕರಣದಿಂದ ಕೆಲವರು, ಕೇಳುಗರಿಗೆ ಏನೂ ಗೊತ್ತಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು. ನಾನು ಬೇರೆಯೇ ಪಾಠ ಕಲಿತೆ. ಲಕೋಟೆಯ ಮೇಲೆ ಬರೆದದ್ದನ್ನು ಓದಿ ಮೆಚ್ಚುವುದು ಬೇರೆ, ಕೇಳಿ ಮೆಚ್ಚುವುದು ಬೇರೆ. ಅಭಿಪ್ರಾಯ ಹೇಳುವವರು ಯಾವ ಪ್ರತಿ, ಯಾವ ಉಪಕರಣ, ಎಷ್ಟು ಸಲ ಕೇಳಿದೆ ಎಂದು ಹೇಳಬೇಕು. ಇಷ್ಟು ಹೇಳಿದರೆ ಓದುವವರು ತಾವೇ ತೂಗಿ ನೋಡಿಕೊಳ್ಳುತ್ತಾರೆ.

ಯಾವ ಪ್ರತಿ ಎಂಬುದು ಸಣ್ಣ ವಿಷಯವಲ್ಲ. ನನ್ನ ಅಕ್ಕನ ಮಗ ಬ್ರಿಟನ್ನಿನ ಡೈರ್ ಸ್ಟ್ರೇಟ್ಸ್ ರಾಕ್ ತಂಡದ 1985ರ ‘ಬ್ರದರ್ಸ್ ಇನ್ ಆರ್ಮ್ಸ್’ನ ಹಳೆಯ ಎಲ್‌ಪಿ ಕೊಂಡು ತಂದ. ನನ್ನ ಸಿ.ಡಿ.ಯಲ್ಲಿ ಎಂಟು ನಿಮಿಷ ಮೀರಿ ಹರಿಯುವ ಹಾಡು ಅವನ ಎಲ್‌ಪಿಯಲ್ಲಿ ಐದು ನಿಮಿಷ ದಾಟುತ್ತಿದ್ದಂತೆ ಮುಗಿದುಹೋಗುತ್ತದೆ. “ಮಾವ, ಇದು ನಕಲಿಯಾ?” ಎಂದು ಗಾಬರಿಯಿಂದ ಫೋನ್ ಮಾಡಿದ. ನಕಲಿ ಅಲ್ಲ. ಎಲ್‌ಪಿಯ ಒಂದು ಮಗ್ಗುಲಿಗೆ ಚೆನ್ನಾಗಿ ಹಿಡಿಸುವುದು ಇಪ್ಪತ್ತು ಚಿಲ್ಲರೆ ನಿಮಿಷ. ಹಾಗಾಗಿ ಅಂದು ಕೆಲವು ಹಾಡುಗಳನ್ನು ಕತ್ತರಿಸಿ ಕೂರಿಸಿದ್ದರು. ಈಚೆಗೆ ಎರಡು ರೆಕಾರ್ಡುಗಳಲ್ಲಿ ಪೂರ್ತಿ ಹಾಡುಗಳ ಎಲ್‌ಪಿ ಬಂದಿದೆ. ಅಂಗಡಿಯಲ್ಲಿ ಇದನ್ನು ಅವನಿಗೆ ಯಾರೂ ಹೇಳಲಿಲ್ಲ. ಮೊದಲು ಕೊಂಡವರೊಬ್ಬರು ನಾಲ್ಕು ಸಾಲು ಬರೆದಿದ್ದರೆ ಅವನಿಗೆ ತಿಳಿಯುತ್ತಿತ್ತು.

ಕನ್ನಡ ಪತ್ರಿಕೆಯಲ್ಲಿ ಇದನ್ನೆಲ್ಲ ಯಾರು ಓದುತ್ತಾರೆ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾನು ಅಲ್ಲಿದ್ದೆ. ನನ್ನ ಎಡಬದಿಗೆ ದಾವಣಗೆರೆಯಿಂದ ರೈಲಿನಲ್ಲಿ ಬಂದ ಮೂವರು, ಹಿಂದೆ ಹುಬ್ಬಳ್ಳಿಯ ಕಾಲೇಜು ಹುಡುಗರು. ಪ್ರತಿ ಹಾಡು ಮುಗಿದಾಗಲೂ ಅವರ ನಡುವೆ ನಡೆದ ಚರ್ಚೆ ಅಚ್ಚ ಕನ್ನಡದಲ್ಲಿತ್ತು. ಯಾವ ಆಲ್ಬಮ್ಮಿನಲ್ಲಿ ಡ್ರಮ್ ಹೇಗಿದೆ, ಯಾವುದನ್ನು ಕೊಂಡು ಪಶ್ಚಾತ್ತಾಪಪಟ್ಟೆ ಎಂದು ಅವರು ಆಡಿದ ಮಾತುಗಳನ್ನು ಹಾಗೆಯೇ ಅಚ್ಚು ಹಾಕಬಹುದಿತ್ತು.

ನಮ್ಮ ಮನೆಯ ಅತ್ಯುತ್ತಮ ವಿಮರ್ಶೆ ಬಂದದ್ದು ನನ್ನ ತಾಯಿಯಿಂದ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಇದೆಯಲ್ಲ, ಅದನ್ನು ಕೇಳಿಸಿದ್ದೆ. ಷರೀಫರ ಪದಗಳನ್ನು ಸಿ. ಅಶ್ವತ್ಥ್ ಅವರ ದನಿಯಲ್ಲಿ ಮನಸ್ಸಿಗೆ ಇಳಿಸಿಕೊಂಡಿದ್ದ ಅಮ್ಮ ಮೊದಲ ದಿನ ಎದ್ದು ಒಳಗೆ ಹೋದರು. ಒಂದು ವಾರದ ಮೇಲೆ ತಾವಾಗಿಯೇ ಹಾಕು ಅಂದರು. ನಾಲ್ಕನೇ ಸಲ ಕೇಳಿದ ಮೇಲೆ ಹೇಳಿದ್ದು: “ಗಿಟಾರು ಎಷ್ಟೇ ಕುಣೀಲಿ, ಪದ ಒಂದೂ ಮುಳುಗಿಲ್ಲ ನೋಡು.” ಬಿಡುಗಡೆಯ ದಿನವೇ ಬರೆಯುವ ಯಾವ ವಿಮರ್ಶಕರಿಗೂ ಆ ಒಂದು ವಾರ ಸಿಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಪುರವಣಿಯಲ್ಲಿ ವಾರಕ್ಕೊಮ್ಮೆ ಕಾಲು ಪುಟ ಕೊಡಿ. ಆಲ್ಬಮ್ ಕೊಂಡ ಓದುಗರು ಕನಿಷ್ಠ ಎರಡು ವಾರ ಕೇಳಿದ ಮೇಲೆ ಬರೆಯಲಿ. ನಕ್ಷತ್ರದ ಅಂಕಗಳು ಬೇಡ. ಹೊಸ ಆಮದು ಎಲ್‌ಪಿಗೆ 3,000 ರೂಪಾಯಿ ಆಸುಪಾಸಿನ ಬೆಲೆ ಇರುವಾಗ, ಕೊಂಡವರು ಸುಮ್ಮನೆ ಏನೋ ಒಂದು ಬರೆದು ಕಳಿಸುವುದಿಲ್ಲ ಎಂಬ ಭರವಸೆ ನನಗಿದೆ.

ಮೊದಲ ಬರಹವನ್ನು ನಾನೇ ಕಳಿಸುತ್ತೇನೆ. ಬೀಟಲ್ಸ್‌ನ 1966ರ ‘ರಿವಾಲ್ವರ್’ ಆಲ್ಬಮ್ಮನ್ನು ಜೈಲ್ಸ್ ಮಾರ್ಟಿನ್ 2022ರಲ್ಲಿ ಹೊಸದಾಗಿ ಮಿಕ್ಸ್ ಮಾಡಿದ ಪ್ರತಿ ತಂದಿದ್ದೇನೆ. ಅಂದು ನಾಲ್ಕೇ ಟ್ರ್ಯಾಕಿನ ಟೇಪಿನಲ್ಲಿ ಧ್ವನಿಮುದ್ರಿಸಿದ್ದು, ಹಾಗಾಗಿ ಹಲವು ವಾದ್ಯಗಳು ಒಂದೇ ಟ್ರ್ಯಾಕನ್ನು ಹಂಚಿಕೊಳ್ಳಬೇಕಿತ್ತು. ಮೊದಲ ಹಾಡಿನ ಡ್ರಮ್, ಬೇಸ್, ಗಿಟಾರ್ ಮೂರೂ ಹಳೆಯ ಸ್ಟೀರಿಯೊ ಪ್ರತಿಯಲ್ಲಿ ಎಡಗಡೆಯ ಸ್ಪೀಕರಿನಲ್ಲೇ ಒಟ್ಟಿಗೆ ಸಿಕ್ಕಿಕೊಂಡಿದ್ದವು. ಈಗ ಕಂಪ್ಯೂಟರಿನಿಂದ ಅವನ್ನು ಬಿಡಿಸಿ ಬೇರೆ ಬೇರೆ ಜಾಗದಲ್ಲಿ ಇಟ್ಟಿದ್ದಾರೆ. ಹತ್ತು ದಿನಗಳಿಂದ ಹಳೆಯದನ್ನೂ ಹೊಸದನ್ನೂ ಒಂದಾದ ಮೇಲೊಂದು ಹಾಕಿ ಕೇಳುತ್ತಿದ್ದೇನೆ. ಬೇಸ್ ಬಗ್ಗೆ ನನಗೆ ಅನುಮಾನವಿಲ್ಲ, ಹೊಸದೇ ಮೇಲು. ದನಿಗಳ ಬಗ್ಗೆ ಇನ್ನೂ ಮನಸ್ಸು ತೂಗಾಡುತ್ತಿದೆ. ಎರಡು ವಾರ ತುಂಬಲಿ, ಬರೆದು ಕಳಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕುವೆಂಪುನಗರ, ಮೈಸೂರು